ಮನೆಯ ಕೀಟಗಳೂ ಊರಿನ ನೀರೂ

ಪಟ್ಟಣದಲ್ಲಿ ಸಂಸಾರ ನಡೆಯಿಸುವವರಿಗೆ ಸೊಳ್ಳೆ, ಗೆದ್ದಲು, ಇಲಿಗಳ ಕಾಟವು ಹೊಸದಲ್ಲ. ಕಾಟವು ಹೆಚ್ಚಿದೊಡನೆ ಅಂಗಡಿಗೆ ಹೋಗಿ, "ಎಲ್ಲಕ್ಕಿಂತ ಬಲವಾದ ಔಷಧ ಯಾವುದು?" ಎಂದು ವಿಚಾರಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆದರೆ ಅದಕ್ಕೂ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ನಮ್ಮ ಊರು ಎಂತಹುದು? ನಮ್ಮ ಮನೆಗೆ ನೀರು ಹೇಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ? ಇದನ್ನರಿಯದೆ ಕೊಂಡ ಔಷಧದಿಂದ ಹಣವು ಕರಗುವುದೇ ಹೊರತು ಕಾಟವು ನೀಗಲಾರದು.

ಈ ಮಾತಿಗೆ ಬೆಂಗಳೂರಿನಲ್ಲಿಯೇ ಒಂದು ಹಳೆಯ ನಿದರ್ಶನವಿದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯನು ಇಲ್ಲಿಯ ದಂಡಿನಲ್ಲಿ ಕೆಲಸದಲ್ಲಿದ್ದನು. ಅವನ ಬಂಗಲೆಯಲ್ಲಿ ಸೊಳ್ಳೆಗಳು ಹೇರಳವಾಗಿದ್ದುವು. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಅವುಗಳ ಮರಿಹುಳುಗಳು ತುಂಬಿರುವುದನ್ನು ಕಂಡು ಅವನು ಆ ನೀರನ್ನು ಚೆಲ್ಲಿದನು. ಕಾಟವು ಬಹುಮಟ್ಟಿಗೆ ತಗ್ಗಿತು. ಹದಿನಾಲ್ಕು ವರ್ಷಗಳ ತರುವಾಯ, 1897ರಲ್ಲಿ, ಸಿಕಂದರಾಬಾದಿನಲ್ಲಿ ಮಲೇರಿಯಾದ ರೋಗಾಣುವು ಸೊಳ್ಳೆಯ ಒಡಲಿನಲ್ಲಿ ಬೆಳೆಯುವುದನ್ನು ಕಂಡುಹಿಡಿದವನೂ ಇವನೇ.

ಸೊಳ್ಳೆಗಳೆಲ್ಲವೂ ಒಂದೇ ಜಾತಿಯವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ರಾತ್ರಿ ಕಿವಿಯ ಬಳಿ ಗುಂಯ್‌ಗುಟ್ಟುವ ಕ್ಯೂಲೆಕ್ಸ್ ಸೊಳ್ಳೆಯು ಚರಂಡಿಯ ಕೊಳಚೆನೀರಿನಲ್ಲಿ ಹುಟ್ಟುತ್ತದೆ. ಪಟ್ಟಣಗಳಲ್ಲಿ ಮಲೇರಿಯಾವನ್ನು ಹರಡುವ ಅನಾಫಿಲಿಸ್ ಜಾತಿಗೆ ಬಾವಿ ಮತ್ತು ಮಾಳಿಗೆಯ ತೊಟ್ಟಿಗಳ ತಿಳಿನೀರೇ ಬೇಕು. ಡೆಂಗೆ ಜ್ವರವನ್ನು ತರುವ ಈಡಿಸ್ ಸೊಳ್ಳೆಯಾದರೋ ಹಗಲಿನಲ್ಲಿ ಕಚ್ಚುವಂಥದು. ಮನೆಯ ಡ್ರಮ್ಮು, ಹಂಡೆ, ಹೂಕುಂಡದ ತಟ್ಟೆಗಳೇ ಅದರ ತವರು.

ಇದರಿಂದ ಒಂದೊಂದು ಊರಿನ ತೊಂದರೆಯೂ ಒಂದೊಂದು ತೆರನಾಯಿತು. ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಗಿಲಾದ ಮಳೆ. 1990ರ ದಶಕದಿಂದ ಅಲ್ಲಿ ಮಲೇರಿಯಾ ಹೆಚ್ಚಿದಾಗ, ಕಟ್ಟಡ ಕಟ್ಟುವ ಸ್ಥಳಗಳಲ್ಲಿ ಕಾಂಕ್ರೀಟು ಗಟ್ಟಿಯಾಗಲೆಂದು ನಿಲ್ಲಿಸಿದ ನೀರೂ ಮುಚ್ಚಳವಿಲ್ಲದ ತೊಟ್ಟಿಗಳೂ ಅದಕ್ಕೆ ನೆರವಾದುವು. ಕಲಬುರಗಿಯಲ್ಲಿ ಅದರ ಮೂರರಲ್ಲೊಂದು ಪಾಲು ಮಳೆಯೂ ಇಲ್ಲ. ಹಾಗಾದರೆ ಬಿಸಿಲನಾಡಿನವರು ನಿಶ್ಚಿಂತರೇ? ಅಲ್ಲ. ನಲ್ಲಿಯಲ್ಲಿ ದಿನವೂ ನೀರು ಬಾರದ ಕಡೆ ಜನರು ಸಿಕ್ಕ ಪಾತ್ರೆಗಳಲ್ಲೆಲ್ಲಾ ನೀರನ್ನು ಹಿಡಿದಿಡುವರು. ಮಳೆಯ ಹನಿಯಿಲ್ಲದ ಕಾಲದಲ್ಲಿಯೂ ಈಡಿಸ್ ಸೊಳ್ಳೆಗೆ ಮನೆಯೊಳಗೇ ಕೆರೆಗಳು ಸಿದ್ಧವಾಗುವುವು. ನೀರಿನ ಸಮೃದ್ಧಿಯಂತೆ ನೀರಿನ ಬಡತನವೂ ರೋಗಕ್ಕೆ ದಾರಿಯಾಗುತ್ತದೆ.

ಬೆಂಗಳೂರಿನ ಹೊಸ ಬಡಾವಣೆಯೊಂದರಲ್ಲಿರುವ ನಮ್ಮ ಪರಿಚಿತರ ಎಳೆಯ ಮಗಳು ಡೆಂಗೆ ಜ್ವರದಿಂದ ಆಸ್ಪತ್ರೆ ಸೇರಿದಳು. ತಾಯಿಯು ಬೀದಿಯ ಚರಂಡಿಗೆ ತಿಂಗಳುಗಟ್ಟಲೆ ಔಷಧ ಹೊಡೆಯಿಸಿದ್ದರು. ಸಂಜೆಯಾಗುವುದೇ ತಡ, ಕಿಟಕಿಗಳನ್ನೆಲ್ಲಾ ಮುಚ್ಚುತ್ತಿದ್ದರು. ಕಡೆಗೆ ಹುಡುಕಿದಾಗ ಹುಳುಗಳು ಸಿಕ್ಕಿದ್ದು ಫ್ರಿಜ್ಜಿನ ಹಿಂದಣ ತಟ್ಟೆಯಲ್ಲಿ ಮತ್ತು ಮಾಳಿಗೆಯ ಮೇಲಿನ ಡ್ರಮ್ಮಿನಲ್ಲಿ. ದೈವಕೃಪೆಯಿಂದ ಮಗುವು ಗುಣಹೊಂದಿ ಮನೆಗೆ ಮರಳಿತು. "ಹೊರಗಿನ ಶತ್ರುವನ್ನು ಕಾಯುತ್ತಾ ಕುಳಿತೆ, ಮನೆಯೊಳಗಿನದನ್ನು ನಾನೇ ಸಾಕಿದೆ" ಎಂದು ಆ ತಾಯಿಯು ಕಣ್ಣೀರಿಟ್ಟುದು ನಮಗೆ ಮರೆಯದು.

ಗೆದ್ದಲಿನ ವಿಷಯವೂ ಹೀಗೆಯೇ. ಅದು ತೇವವಿಲ್ಲದೆ ಬದುಕಲಾರದು. ಆದುದರಿಂದಲೇ ನೆಲದಿಂದ ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಏರುತ್ತದೆ. ಬಾಗಿಲುವಾಡವನ್ನು ತಿಂದ ಗೆದ್ದಲಿಗೆ ಔಷಧ ಬಳಿದು, ಬಚ್ಚಲಿನ ಗೋಡೆಯ ಜಿನುಗನ್ನು ಹಾಗೆಯೇ ಬಿಟ್ಟರೆ ಅದು ಮತ್ತೆ ಬರುವುದರಲ್ಲಿ ಸಂದೇಹವಿಲ್ಲ. ಕರಾವಳಿಯವರು ಮಳೆಗಾಲದಲ್ಲಿ ಕಪಾಟನ್ನು ಗೋಡೆಗೆ ತಾಗಿಸದೆ ಗಾಳಿಯಾಡುವಂತೆ ಇಡುವುದು ಲೇಸು.

ಇಲಿಯು ಕಲಿಸಿದ ಪಾಠವಂತೂ ಎಲ್ಲಕ್ಕಿಂತ ಕಠಿಣವಾದುದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಗಾಳಿ ಬೆಳಕುಗಳಿಲ್ಲದ, ಒಂದಕ್ಕೊಂದು ಅಂಟಿಕೊಂಡ ಮನೆಗಳ ಪೇಟೆಯು ಬಹಳ ನೊಂದಿತು. ಇಲಿಯು ಸತ್ತರೆ ಅದರ ಮೈಮೇಲಿನ ಚಿಗಟವು ಮನುಷ್ಯನನ್ನು ಹುಡುಕಿಕೊಂಡು ಬರುವುದು. ಅಗಲವಾದ ಬೀದಿಗಳೂ ಮನೆಗಳ ಹಿಂದೆ ಓಣಿಗಳೂ ಉಳ್ಳ ಮಲ್ಲೇಶ್ವರ, ಬಸವನಗುಡಿಗಳು ಆ ಕಾಲದಲ್ಲಿ ಬೆಳೆದುವು. ಕೀಟಕ್ಕೆ ಅಂಜಿ ಊರೇ ತನ್ನ ರೂಪವನ್ನು ಬದಲಿಸಿತೆಂದರೆ ತಪ್ಪಾಗದು.

ಹಾಗಾದರೆ ಗೃಹಿಣಿಯರೂ ಗೃಹಸ್ಥರೂ ಮಾಡತಕ್ಕದ್ದೇನು? ಸೊಳ್ಳೆಯು ಮೊಟ್ಟೆಯಿಂದ ರೆಕ್ಕೆ ಮೂಡುವವರೆಗೆ ಬೆಳೆಯಲು ಬೆಚ್ಚನೆಯ ಕಾಲದಲ್ಲಿ ಸುಮಾರು 7ರಿಂದ 10 ದಿನಗಳು ಸಾಕು. ಆದ್ದರಿಂದ ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿ ನೀರಿನ ಪಾತ್ರೆಗಳನ್ನೆಲ್ಲಾ ಬರಿದುಮಾಡಬೇಕು. ಬರಿಯ ಚೆಲ್ಲುವಿಕೆ ಸಾಲದು; ಈಡಿಸ್ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಒಳಮೈಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದ ನಾರಿನಿಂದ ಚೆನ್ನಾಗಿ ಉಜ್ಜಬೇಕು. ಬರಿದುಮಾಡಲಾಗದ ತೊಟ್ಟಿಯನ್ನು ಸಂದಿಲ್ಲದಂತೆ ಮುಚ್ಚಬೇಕು. ಧಾನ್ಯಕ್ಕೆ ಭದ್ರವಾದ ಡಬ್ಬಿ, ಎಂಜಲಿಗೆ ಮುಚ್ಚಿದ ಬುಟ್ಟಿ ಇರಲಿ.

ನಮ್ಮ ತೊಟ್ಟಿಯ ಸೊಳ್ಳೆಗೆ ನೆರೆಮನೆಯ ಗೋಡೆ ಅಡ್ಡವಲ್ಲ. ಆದುದರಿಂದ ಈ ವಾರದ ಕೆಲಸವನ್ನು ಬೀದಿಯವರೆಲ್ಲರೂ ಒಂದೇ ದಿನ ಮಾಡುವಂತಾದರೆ, ಅಂಗಡಿಯ ಬಲವಾದ ಔಷಧಕ್ಕಿಂತ ಅದು ಹೆಚ್ಚು ಫಲವನ್ನು ಕೊಡುವುದೆಂದು ನಾವು ನಂಬುತ್ತೇವೆ.