ಪೀಳಮೇಡು: ಎಂಜಿನಿಯರರ ಕೆಲಸದ ಮಾತು ಮತ್ತು ಮನೆಮಾತು

ಕೊಯಮತ್ತೂರಿನ ಪೀಳಮೇಡು ಪಂಪು ತಯಾರಿಕೆಗೆ ಹೆಸರಾದ ನೆಲೆ. 1951ರಲ್ಲಿ ಇಲ್ಲಿ ಆರಂಭವಾದ ಪಿ.ಎಸ್.ಜಿ. ತಾಂತ್ರಿಕ ಕಾಲೇಜು ಪಾಠವನ್ನು ಕಾರ್ಖಾನೆಯೊಡನೆ ಬೆಸೆಯಿತು. ಅದರ ಪ್ರಾಂಶುಪಾಲರಾಗಿದ್ದ ಜಿ.ಆರ್. ದಾಮೋದರನ್ ‘ಕಲೈಕ್ಕದಿರ್’ ಮಾಸಿಕದ ಮೂಲಕ ವಿಜ್ಞಾನವನ್ನು ತಮಿಳಿನಲ್ಲಿ ಓದಿಸಿದರು.

ಇಂತಹ ನೆಲೆಯಲ್ಲಿ ಎಂಜಿನಿಯರರ ನಕ್ಷೆ ಇಂಗ್ಲಿಷಿನಲ್ಲಿರುತ್ತದೆ. ಲೇತ್ ನಡೆಸುವವರೊಡನೆ ಮಾತು ತಮಿಳಿನಲ್ಲಿ ಸಾಗುತ್ತದೆ. ಈ ಸೀಮೆಯ ದೇವಾಂಗ, ಒಕ್ಕಲಿಗ ಮನೆಗಳ ಕನ್ನಡಕ್ಕೆ ಅಲ್ಲಿ ಎಡೆ ವಿರಳ. ಕೊರತೆ ನಾಮಪದಗಳದಲ್ಲ: ಬೇರಿಂಗ್, ವಾಲ್ವ್, ಶಾಫ್ಟ್ ಎಲ್ಲ ನುಡಿಗಳಿಗೂ ಸಮಾನ. ಎಷ್ಟು ಬಿಗಿಯಬೇಕು, ಎಲ್ಲಿ ಸವೆದಿದೆ, ಯಾವುದನ್ನು ತಿರಸ್ಕರಿಸಬೇಕು ಎಂಬ ನಿರ್ಣಯದ ವಾಕ್ಯಗಳು ಕನ್ನಡದಲ್ಲಿ ಹುಟ್ಟುವುದು ಅಪರೂಪ. ಆದ್ದರಿಂದ ಪಾರಿಭಾಷಿಕ ಕೋಶವೊಂದರ ಬಲದಿಂದಲೇ ಮನೆಮಾತು ಕಾರ್ಖಾನೆಯನ್ನು ಪ್ರವೇಶಿಸದು. ಕೆಲಸದ ನಡುವೆ ಅದನ್ನು ಆಡುವ ಸಂದರ್ಭವೂ ಒದಗಬೇಕು.