ಜಪಾನೀ ಲಿಪಿಯಲ್ಲಿ ರೂಪನಗುಡಿ

ಬಳ್ಳಾರಿ ತಾಲ್ಲೂಕಿನ ರೂಪನಗುಡಿಯ ಹೆಸರನ್ನು ಜಪಾನಿನವನೊಬ್ಬನು ತನ್ನ ಭಾಷೆಯಲ್ಲಿ ಬರೆಯಹೊರಟನೆನ್ನೋಣ. ಚೀನದಿಂದ ಬಂದ ಕಾಂಜಿ, ದೇಶ್ಯಪದಗಳಿಗೂ ಪ್ರತ್ಯಯಗಳಿಗೂ ಸಲ್ಲುವ ಹಿರಗಾನ, ಪರದೇಶದ ಹೆಸರುಗಳಿಗೆ ಮುಖ್ಯವಾಗಿ ಬಳಕೆಯಾಗುವ ಕತಕಾನ ಎಂಬ ಮೂರು ಲಿಪಿಗಳಲ್ಲಿ ಆತನು ಕೊನೆಯದನ್ನು ಆಯ್ದುಕೊಂಡು, ಮೊದಲು ‘ರು’, ಅದರ ಮುಂದೆ ದೀರ್ಘವನ್ನು ಸೂಚಿಸುವ ಒಂದು ಗೆರೆ, ಬಳಿಕ ‘ಪ’, ‘ನ’, ‘ಗು’ ಎಂದು ನಿರಾತಂಕವಾಗಿ ಬರೆದು, ‘ಡಿ’ಯ ಬಳಿ ಬಂದು ನಿಲ್ಲುತ್ತಾನೆ. ಏಕೆಂದರೆ ಆ ಭಾಷೆಯ ದಕಾರದ ಸಾಲಿನಲ್ಲಿ ‘ದ’ದ ನಂತರ ಬರುವುದು ‘ದಿ’ಯಲ್ಲ, ‘ಜಿ’. ಗಾಂಧಿಯವರ ಹೆಸರಿನ ‘ಧಿ’ಯನ್ನು ಕೂಡ ಬಹುಕಾಲ ‘ಜೀ’ ಎಂದೇ ಅಲ್ಲಿ ಬರೆಯುತ್ತಿದ್ದರು. ಈ ಕೊರತೆಯನ್ನು ನೀಗಲು ‘ದೆ’ ಅಕ್ಷರದ ಪಕ್ಕದಲ್ಲಿ ಚಿಕ್ಕದಾದ ‘ಇ’ಯೊಂದನ್ನು ಬರೆಯುವ ಉಪಾಯ ರೂಢಿಗೆ ಬಂದಿತು. 1991ರಲ್ಲಿ ಜಪಾನ್ ಸರಕಾರವು ಪರದೇಶೀಯ ಪದಗಳ ಲೇಖನಕ್ರಮವನ್ನು ಪ್ರಕಟಿಸಿದಾಗ ಇದಕ್ಕೆ ಮೊದಲನೆಯ ಪಟ್ಟಿಯಲ್ಲಿಯೂ, ಕುರುಗೋಡು ಎಂಬ ಊರಿನ ‘ಡು’ವಿಗೆ ಬೇಕಾಗುವ ‘ದೊ’ ಮತ್ತು ಚಿಕ್ಕ ‘ಉ’ಗಳ ಜೋಡಿಗೆ ಎರಡನೆಯ ಪಟ್ಟಿಯಲ್ಲಿಯೂ ಸ್ಥಾನ ದೊರೆಯಿತು.

ಈ ಲಿಪಿ ನಮಗೆ ತೀರ ಅಪರಿಚಿತವೆಂದು ಭಾವಿಸಬೇಕಾಗಿಲ್ಲ. ಭಾರತದ ಬೌದ್ಧಭಿಕ್ಷು ಬೋಧಿಸೇನನು 736ರಲ್ಲಿ ಜಪಾನನ್ನು ಮುಟ್ಟಿದನು. 806ರಲ್ಲಿ ಚೀನದಿಂದ ಮರಳಿದ ಕೂಕಾಯಿ ಎಂಬ ಯತಿಯು ಸಂಸ್ಕೃತವನ್ನು ಬರೆಯುವ ಸಿದ್ಧಂ ಲಿಪಿಯ ಜ್ಞಾನವನ್ನು ಹೊತ್ತುತಂದನು. ಮಠಗಳಲ್ಲಿ ನಡೆದ ಅಂಥ ಅಧ್ಯಯನದ ಫಲವಾಗಿ ಜಪಾನೀ ಅಕ್ಷರಗಳು ಇಂದಿಗೂ ಅ, ಇ, ಉ, ಎ, ಒ ಎಂದು ಮೊದಲಾಗಿ, ಕ, ಸ, ತ, ನ, ಹ, ಮ, ಯ, ರ, ವ ಎಂದು ಮುಂದುವರಿಯುತ್ತವೆ. ಪ್ರಾಚೀನಕಾಲದಲ್ಲಿ ಅವರ ‘ಸ’ ಚಕಾರಕ್ಕೂ ‘ಹ’ ಪಕಾರಕ್ಕೂ ಸಮೀಪವಾಗಿತ್ತೆಂಬ ಭಾಷಾಶಾಸ್ತ್ರಜ್ಞರ ಮಾತನ್ನು ನೆನೆದರೆ, ನಮ್ಮ ಮಗ್ಗಿಪುಸ್ತಕದ ವರ್ಣಮಾಲೆಯೇ ಅಲ್ಲಿ ಕಾಣುತ್ತದೆ.

ಆದರೆ ನನಗೆ ಇದಕ್ಕಿಂತ ಹೆಚ್ಚು ಸಂತೋಷವನ್ನುಂಟುಮಾಡಿರುವುದು ಮಾತ್ರೆಗಳ ಲೆಕ್ಕ. ಜಪಾನೀಯರು ನುಡಿಯನ್ನು ಅಳೆಯುವುದು ಮಾತ್ರೆಯಿಂದ: ದೀರ್ಘದ ಗೆರೆಗೆ ಒಂದು, ಒತ್ತಕ್ಷರವನ್ನು ಸೂಚಿಸುವ ಚಿಕ್ಕ ‘ತ್ಸು’ವಿಗೆ ಒಂದು, ಅನುನಾಸಿಕಕ್ಕೆ ಒಂದು. ನಮ್ಮ ಛಂದಶ್ಶಾಸ್ತ್ರವೂ ಲಘುವಿಗೆ ಒಂದು, ಗುರುವಿಗೆ ಎರಡು ಎಂದೇ ಎಣಿಸುತ್ತದೆ. ರೂಪನಗುಡಿಗೆ ಪ್ರಸ್ತಾರ ಹಾಕಿದರೆ ಆರು ಮಾತ್ರೆ; ಕತಕಾನದಲ್ಲಿಯೂ ಆರೇ. ‘ಕನ್ನಡ’ಕ್ಕೆ ಇಲ್ಲಿಯೂ ಅಲ್ಲಿಯೂ ನಾಲ್ಕು, ಆ ಒಂದು ಅನುನಾಸಿಕವನ್ನು ಬಿಟ್ಟರೆ ಅದು ಜಪಾನೀ ಬರವಣಿಗೆಯಲ್ಲಿ ಕೆನಡಾ ದೇಶವಾಗಿಬಿಡುತ್ತದೆ. ಬಳ್ಳಾರಿಗೆ ಐದು, ತೋರಣಗಲ್ಲಿಗೆ ಏಳು, ಸಿರುಗುಪ್ಪಕ್ಕೆ ಐದು: ಮೂರು ಹೆಸರುಗಳನ್ನು ಈ ಕ್ರಮದಲ್ಲಿ ಬರೆದರೆ ಹೈಕು ಕವಿತೆಯ ಅಳತೆಯೇ ಸಿದ್ಧಿಸುತ್ತದೆ. ಪದಾದಿಯ ಉಚ್ಚಾರಣೆಯಲ್ಲಿ ವ್ಯಂಜನಗಳು ಕೂಡಿಬಂದಂಥ ಕಡೆಗಳಲ್ಲಿ ಈ ಹೊಂದಿಕೆ ಕೆಡುವುದೂ ಉಂಟು. ಮೂರು ಮಾತ್ರೆಯ ಕೃಷ್ಣನು ಅಲ್ಲಿ ‘ಕುರಿಶುನ’ ಎಂದು ನಾಲ್ಕು ಮಾತ್ರೆಯವನಾಗುತ್ತಾನೆ.

ನಷ್ಟವೂ ಇದೆ. ರ, ಲ, ಳ ಮೂರೂ ಒಂದೇ ಸಾಲಿನಲ್ಲಿ ಲಯವಾಗುತ್ತವೆ. ಮೂರ್ಧನ್ಯಕ್ಕೂ ದಂತ್ಯಕ್ಕೂ, ಮಹಾಪ್ರಾಣಕ್ಕೂ ಅಲ್ಪಪ್ರಾಣಕ್ಕೂ ಭೇದವಿಲ್ಲ. ಆದರೂ ಹ್ರಸ್ವದೀರ್ಘಗಳ ವಿಷಯದಲ್ಲಿ ಕತಕಾನವು ನಾವು ನೆಚ್ಚಿಕೊಂಡಿರುವ ಇಂಗ್ಲಿಷ್ ಕಾಗುಣಿತಕ್ಕಿಂತ ಪ್ರಾಮಾಣಿಕವಾದುದು. ಕುರುಗೋಡಿನ ‘ಗೋ’ ಅಲ್ಲಿ ಗೋಕಾರವಾಗಿಯೇ ಉಳಿಯುತ್ತದೆ. 2014ರ ನವೆಂಬರ್ 1ರಂದು ಬಳ್ಳಾರಿಯ ಇಂಗ್ಲಿಷ್ ಕಾಗುಣಿತವನ್ನು ತಿದ್ದಿದುದು ಯುಕ್ತವೇ ಆದರೂ, ‘ಳ್ಳಾ’ದ ದೀರ್ಘ ಅದರಲ್ಲಿ ಇನ್ನೂ ಕಾಣುವುದಿಲ್ಲ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಜೆಎಸ್‌ಡಬ್ಲ್ಯು ಸಂಸ್ಥೆಯಲ್ಲಿ ಜಪಾನಿನ ಜೆಎಫ್‌ಇ 2010ರಲ್ಲಿ ಬಂಡವಾಳ ತೊಡಗಿಸಿದ ಮೇಲೆ ಈ ಸೀಮೆಗೂ ಆ ದೇಶಕ್ಕೂ ಸಂಬಂಧ ಬೆಳೆದಿದೆ. ಜಪಾನಿನಲ್ಲಿ ಬ್ಯಾಂಕಿನ ಖಾತೆಗೂ ಕತಕಾನದ ಹೆಸರು ಬೇಕು. ಅಲ್ಲಿಗೆ ತೆರಳುವ ನಮ್ಮ ತರುಣತರುಣಿಯರು ಇಂಗ್ಲಿಷ್ ಅಕ್ಷರಗಳನ್ನು ಮುಂದಿಟ್ಟು ಸುಮ್ಮನಾಗದೆ, ತಮ್ಮ ಹೆಸರನ್ನೂ ಊರಿನ ಹೆಸರನ್ನೂ ಮನೆಯಲ್ಲಿ ಕರೆಯುವಂತೆಯೇ ನಿಧಾನವಾಗಿ ಉಚ್ಚರಿಸಿ, ಕೇಳಿದಂತೆ ಬರೆಯಿಸಲಿ.