ಹೊದಿಕೆಯ ಮೇಲೆ ಅಚ್ಚಾದ ಬೆಲೆ

ಕ್ರಾಸ್ ಎಂಬ ಬ್ರಿಟಿಷ್ ಪಂಕ್ ಬ್ಯಾಂಡಿನ ಮಾತೆತ್ತಿದರೆ ಎಲ್ಲರಿಗೂ ಮೊದಲು ನೆನಪಾಗುವುದು ಅದರ ಸಿಟ್ಟು: ಚರ್ಚು, ಸೈನ್ಯ, ಸರ್ಕಾರಗಳ ಮೇಲಿನ ಬೈಗುಳ, ಮೈತುಂಬ ಕಪ್ಪು ಬಟ್ಟೆ, ಕಿವಿಗಡಚಿಕ್ಕುವ ಗಿಟಾರು. ಆದರೆ 1977ರ ಲಂಡನ್ನಿನಲ್ಲಿ ಸಿಟ್ಟಿಗೇನೂ ಬರವಿರಲಿಲ್ಲ. ಕ್ಲ್ಯಾಶ್ ಬ್ಯಾಂಡಿನ ಹಾಡುಗಳಲ್ಲೂ ಅದು ಬೇಕಾದಷ್ಟಿತ್ತು. ಆ ವರ್ಷದ ಜನವರಿಯಲ್ಲೇ ಸಿಬಿಎಸ್ ಕಂಪನಿ ಅವರೊಡನೆ ಕರಾರು ಮಾಡಿಕೊಂಡು ಆ ಸಿಟ್ಟನ್ನು ಅಂಗಡಿಗೆ ತಂದಿತು. ಕ್ರಾಸ್ ಇವರಿಂದ ಬೇರೆಯಾದದ್ದು ಹಾಡಿನಲ್ಲಿ ಅಲ್ಲ, ಲೆಕ್ಕದ ಪುಸ್ತಕದಲ್ಲಿ. ಇದಕ್ಕಿಂತ ಹೆಚ್ಚು ಹಣ ಕೊಡಬೇಡಿ ಎಂದು ರೆಕಾರ್ಡಿನ ಹೊದಿಕೆಯ ಮೇಲೇ ಬೆಲೆ ಅಚ್ಚು ಹಾಕಿಸಿದ್ದು ಅವರ ಯಾವ ಘೋಷಣೆಗಿಂತಲೂ ದೊಡ್ಡ ರಾಜಕೀಯ ಕೆಲಸ ಎಂಬುದು ನನ್ನ ವಾದ.

ಎಸೆಕ್ಸ್‌ನ ಎಪಿಂಗ್ ಕಾಡಿನ ಬಳಿಯ ಡಯಲ್ ಹೌಸ್ ಎಂಬ ಹಳೆಯ ಮನೆಯನ್ನು ಪೆನ್ನಿ ರಾಂಬೊ 1967ರಿಂದ ಯಾರು ಬೇಕಾದರೂ ಬಂದಿರಬಹುದಾದ ಜಾಗವಾಗಿ ನಡೆಸುತ್ತಿದ್ದರು. ಡ್ಯಾಗನ್‌ಹ್ಯಾಮ್‌ನ ಕಾರ್ಮಿಕರ ಮನೆಯ ಹುಡುಗ ಸ್ಟೀವ್ ಇಗ್ನರಂಟ್ ಅಲ್ಲಿಗೆ ಬಂದಮೇಲೆ ಅವರಿಬ್ಬರಿಂದ ಕ್ರಾಸ್ ಬ್ಯಾಂಡ್ ಹುಟ್ಟಿತು. 1978ರ ಅವರ ಮೊದಲ ರೆಕಾರ್ಡನ್ನು ಸ್ಮಾಲ್ ವಂಡರ್ ಎಂಬ ಪುಟ್ಟ ಕಂಪನಿ ಹೊರತಂದಿತು. ಕ್ರಿಸ್ತನನ್ನು ಜರೆಯುವ ಮೊದಲ ರಚನೆಯನ್ನು ಅಚ್ಚೊತ್ತಲು ಐರ್ಲೆಂಡಿನ ಕಾರ್ಖಾನೆಯ ಕೆಲಸಗಾರರು ಒಪ್ಪಲಿಲ್ಲ. ಆ ಜಾಗದಲ್ಲಿ ಬರೀ ಮೌನ ಉಳಿಯಿತು. ಇನ್ನೊಬ್ಬರ ಅನುಮತಿಗೆ ಕಾಯುವಷ್ಟು ದಿನ ತಮ್ಮ ಮಾತು ತಮ್ಮದಲ್ಲ ಎಂಬುದು ಅವರಿಗೆ ಮನದಟ್ಟಾಯಿತು. ಸ್ವಂತ ಲೇಬಲ್ ತೆರೆದು, ಅದೇ ರಚನೆಯನ್ನು ಬೆಳೆಸಿ 1979ರಲ್ಲಿ 45 ಪೆನ್ಸ್‌ಗೆ ಬಿಟ್ಟರು. ಆಗ ಉಳಿದವರ ಸಿಂಗಲ್‌ಗಳ ಬೆಲೆ ಸುಮಾರು 90 ಪೆನ್ಸ್. ಜೀ ವೌಚರ್ ರೂಪಿಸಿದ ಹೊದಿಕೆಯನ್ನು ಬಿಚ್ಚಿ ಹರಡಿದರೆ ಗೋಡೆಗೆ ಅಂಟಿಸುವ ಪೋಸ್ಟರ್ ಆಗುತ್ತಿತ್ತು. ಕೊಂಡವರು ಕೊಟ್ಟ ಪ್ರತಿ ಪೆನ್ನಿಗೂ ಲೆಕ್ಕ ಸಿಗಬೇಕು ಎಂಬ ಕಾಳಜಿ ಅದರಲ್ಲಿದೆ.

ಇದು ವ್ಯವಹಾರ ತಿಳಿಯದವರ ಹುಡುಗಾಟ ಎನ್ನುವವರ ಕೈಯಲ್ಲಿ ಗಟ್ಟಿ ಸಾಕ್ಷಿಯೇ ಇದೆ. ಆ ಸಿಂಗಲ್‌ನ ಬೆಲೆ ಕಟ್ಟುವಾಗ ಮಾರಾಟ ತೆರಿಗೆಯನ್ನೇ ಸೇರಿಸಿರಲಿಲ್ಲ. ಮಾರಿದ ಪ್ರತಿಯೊಂದಕ್ಕೂ ನಷ್ಟವಾಯಿತು. ಆದರೆ ಅವರು ಕಲಿತರು: ಮರುವರ್ಷದ ಅಚ್ಚಿಗೆ 70 ಪೆನ್ಸ್ ಇಟ್ಟರು, ಆಗಲೂ ಅದು ಪೇಟೆಯ ದರಕ್ಕಿಂತ ಕಡಿಮೆಯೇ. ಬಂದ ಹಣದಿಂದ ಬೇರೆ ಬ್ಯಾಂಡುಗಳ ರೆಕಾರ್ಡುಗಳು ಹೊರಬಂದವು. ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ: ಮೊದಲೇ ಒಪ್ಪಿದವರಿಗೆ ಮಾತ್ರ ಕೇಳುವ ಉಪದೇಶ ಇದು ಎಂಬುದು. 1983ರ ‘ಯೆಸ್ ಸರ್, ಐ ವಿಲ್’ ಆಲ್ಬಂ ಕೇಳಿದರೆ ಇದನ್ನು ಪೂರ್ತಿ ತಳ್ಳಿಹಾಕಲು ನನಗಾಗದು. ಅಲ್ಲಿ ಸಂಗೀತವನ್ನು ಭಾಷಣ ನುಂಗಿದೆ. ಆದರೆ ಥ್ಯಾಚರ್ ಮತ್ತು ರೇಗನ್ ಭಾಷಣಗಳ ತುಣುಕುಗಳನ್ನು ಜೋಡಿಸಿ ಇವರು ಸೃಷ್ಟಿಸಿದ ನಕಲಿ ದೂರವಾಣಿ ಸಂಭಾಷಣೆ ಪತ್ರಿಕೆಗಳನ್ನು ತಲುಪಿದಾಗ, ಅಮೆರಿಕದ ವಿದೇಶಾಂಗ ಇಲಾಖೆ ಅದನ್ನು ಕೆಜಿಬಿಯ ಕೈವಾಡ ಎಂದುಕೊಂಡಿತು. 1984ರ ಜನವರಿಯಲ್ಲಿ ‘ಅಬ್ಸರ್ವರ್’ ಪತ್ರಿಕೆ ನಿಜ ಹೊರಗೆಳೆಯಿತು. ಅಡುಗೆಮನೆಯ ಮೇಜಿನಷ್ಟೇ ಬಂಡವಾಳ ಇದ್ದವರ ದನಿ ಎಲ್ಲಿಯವರೆಗೆ ಹೋಯಿತು ನೋಡಿ.

ರೆಕಾರ್ಡುಗಳ ಕ್ರಮಸಂಖ್ಯೆಗಳು 621984, 521984 ಎಂದು ಇಳಿಯುತ್ತ ಬಂದಿದ್ದರಿಂದ, 1984ರಲ್ಲಿ ನಿಲ್ಲುವುದೇ ಮೊದಲಿನ ಸಂಕಲ್ಪವಾಗಿತ್ತು ಎಂಬ ಕಥೆ ಚಂದವಾಗಿದೆ. ನಿಜ ಅಷ್ಟು ಸರಳವಲ್ಲ. ಅಶ್ಲೀಲತೆಯ ಮೊಕದ್ದಮೆ, ಒಳಗಿನ ಭಿನ್ನಮತ, ಏಳು ವರ್ಷದ ಆಯಾಸ ಎಲ್ಲವೂ ಒಟ್ಟಿಗೆ ಬಂದಿದ್ದವು. ಜುಲೈನಲ್ಲಿ ವೇಲ್ಸ್‌ನ ಅಬರ್ಡೇರ್‌ನಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರಿಗಾಗಿ ನುಡಿಸಿ ವ್ಯಾನಿನಲ್ಲಿ ಮರಳುವಾಗ ಗಿಟಾರು ನುಡಿಸುವ ಆ್ಯಂಡಿ ಪಾಮರ್ ತಾವು ಬಿಡುವುದಾಗಿ ಹೇಳಿದರು. ಬ್ಯಾಂಡ್ ಅಲ್ಲಿಗೆ ಮುಗಿಯಿತು. ಲೇಬಲ್ ಮುಗಿಯಲಿಲ್ಲ. ಮುಂದೆ ಜಗತ್ಪ್ರಸಿದ್ಧಳಾದ ಬ್ಯೋರ್ಕ್ ಹಾಡುತ್ತಿದ್ದ ಐಸ್‌ಲೆಂಡಿನ ಕೂಕ್ಲ್ ಬ್ಯಾಂಡಿನ ಎರಡನೆಯ ಆಲ್ಬಂ 1986ರಲ್ಲಿ ಕ್ರಾಸ್ ರೆಕಾರ್ಡ್ಸ್ ಹೆಸರಿನಲ್ಲೇ ಹೊರಬಂತು.